ದೀಪ ಹೊತ್ತಿದಾಗ: ಸ್ವಯಂಚಾಲಿತ ಗೇರಿನ ರೋಗನಿದಾನ

ಕನ್ನಡದಲ್ಲಿ ‘ನಿದಾನ’ ಎಂಬುದೊಂದು ಮಾತು, ‘ನಿಧಾನ’ ಎಂಬುದು ಇನ್ನೊಂದು. ರೋಗದ ಮೂಲವನ್ನು ಕಂಡುಹಿಡಿಯುವುದು ಮೊದಲನೆಯದು, ಆತುರಪಡದಿರುವುದು ಎರಡನೆಯದು. ವೈದ್ಯನಿಗೆ ಇವೆರಡೂ ಬೇಕು. ಗೇರನ್ನು ತಾನೇ ಬದಲಿಸಿಕೊಳ್ಳುವ ಮೋಟಾರು ಕಾರು ಮುನಿದಾಗಲೂ ಇವೆರಡೂ ಬೇಕು. ಗೇರು ಬದಲಾಗುವಾಗ ಕಾರು ಜಗ್ಗಿತು, ಎದುರಿನ ಫಲಕದಲ್ಲಿ ಹಳದಿ ದೀಪ ಹೊತ್ತಿತು ಎಂದೊಡನೆ ಗೇರುಪೆಟ್ಟಿಗೆಯನ್ನೇ ಬಿಚ್ಚಿಸಲು ಹೊರಡುವುದು, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಕಾರಿನ ಬಿಡಿಭಾಗಗಳಲ್ಲಿ ಎಂಜಿನ್ನನ್ನು ಬಿಟ್ಟರೆ ಬಹುಶಃ ಇದರಷ್ಟು ದುಬಾರಿಯಾದುದು ಬೇರೊಂದಿಲ್ಲ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಚಾರಮಾಡುವುದು ಯುಕ್ತ.

ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು 1940ರ ಸಾಲಿನ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ‘ಹೈಡ್ರಾಮ್ಯಾಟಿಕ್’ ಎಂಬ ಸ್ವಯಂಚಾಲಿತ ಗೇರನ್ನು ಅಳವಡಿಸಿತು. ಎಣ್ಣೆಯ ಒತ್ತಡದಿಂದಲೇ ಗೇರು ಬದಲಾಗಬೇಕೆಂಬ ಅಂದಿನ ತತ್ತ್ವ ಇಂದಿಗೂ ಉಳಿದಿದೆ. ಕ್ಲಚ್ಚಿನ ಸ್ಥಾನದಲ್ಲಿ ಟಾರ್ಕ್ ಕನ್ವರ್ಟರ್ ಎಂಬ, ಎಣ್ಣೆ ತುಂಬಿದ ಸಾಧನವಿದೆ. ಸಾಲೆನಾಯ್ಡ್ ಎಂಬ ಪುಟ್ಟ ವಿದ್ಯುತ್ ಕವಾಟಗಳು ಒಳಗಿನ ಗಣಕದ ಆಜ್ಞೆಯಂತೆ ಎಣ್ಣೆಯನ್ನು ಅತ್ತಿತ್ತ ಹರಿಯಿಸಿ, ಬೇಕಾದ ಗೇರನ್ನು ಹಿಡಿಯಿಸುತ್ತವೆ. ನಮ್ಮ ದೇಶದಲ್ಲಿ 2014ರ ಮಾರುತಿ ಸೆಲೆರಿಯೋದಿಂದ ಜನಪ್ರಿಯವಾದ ಎ.ಎಂ.ಟಿ. ಬೇರೆಯೇ ಬಗೆ: ಅದು ಸಾಮಾನ್ಯ ಗೇರುಪೆಟ್ಟಿಗೆ, ಕ್ಲಚ್ಚನ್ನು ಒತ್ತಿ ಗೇರು ಹಾಕುವ ಕೆಲಸವನ್ನಷ್ಟೇ ಯಂತ್ರ ವಹಿಸಿಕೊಂಡಿದೆ. ಅಲ್ಲಿ ಗೇರು ಬದಲಾಗುವಾಗ ಕೊಂಚ ತಡವರಿಸಿದಂತಾಗುವುದು ಸ್ವಭಾವವೇ ಹೊರತು ರೋಗವಲ್ಲ. ನಮ್ಮ ಕಾರು ಯಾವ ಬಗೆಯದೆಂದು ತಿಳಿಯುವುದೇ ನಿದಾನದ ಮೊದಲ ಮೆಟ್ಟಿಲು.

ಎಣ್ಣೆಯಿಂದ ನಡೆಯುವ ಗೇರಿನಲ್ಲಿ ಮುಖ್ಯವಾದ ಲಕ್ಷಣಗಳು ನಾಲ್ಕು. ಎಂಜಿನ್ನಿನ ಸದ್ದು ಏರಿದರೂ ಅದಕ್ಕೆ ತಕ್ಕ ವೇಗ ಬರದಿರುವುದು, ‘ಡಿ’ ಅಥವಾ ‘ಆರ್’ಗೆ ಸರಿಸಿದ ಮೇಲೆ ಕಾರು ತಡೆದು ಹೊರಡುವುದು, ಗೇರು ಬದಲಾಗುವಾಗ ಧಕ್ಕೆಯೆನ್ನುವುದು, ಒಂದೇ ಗೇರಿನಲ್ಲಿ ನಿಂತುಬಿಡುವುದು. ಕಡೆಯದನ್ನು ಕಂಡು ಹಲವರು ಗಾಬರಿಯಾಗುತ್ತಾರೆ. ಅನೇಕ ವೇಳೆ ಅದು ಗಣಕವೇ ಕೈಗೊಂಡ ಆತ್ಮರಕ್ಷಣೆ. ದೋಷವನ್ನು ಅರಿತ ಗಣಕವು ಕಾರನ್ನು ಎರಡನೆಯ ಅಥವಾ ಮೂರನೆಯ ಗೇರಿನಲ್ಲಿಯೇ ಕಟ್ಟಿಹಾಕಿ, ಕುಂಟುತ್ತಲಾದರೂ ಗ್ಯಾರೇಜನ್ನು ಸೇರುವ ದಾರಿ ಮಾಡಿಕೊಡುತ್ತದೆ.

ಪರೀಕ್ಷೆ ಎಣ್ಣೆಯಿಂದ ಮೊದಲಾಗಬೇಕು. ಎಣ್ಣೆ ಕಡಿಮೆಯಾದರೆ ಒತ್ತಡ ಕುಗ್ಗುತ್ತದೆ. ಜಾರುವಿಕೆ, ತಡ, ಧಕ್ಕೆ ಎಲ್ಲವೂ ಅದೊಂದರಿಂದಲೇ ಹುಟ್ಟಬಹುದು. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪಗಿದ್ದು ತಿಳಿಯಾಗಿರುತ್ತದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಫಲಕಗಳು ಸವೆದು ಬೆಂದಿರುವ ಸಂಭವವುಂಟು. ಹಾಲು ಬೆರೆಸಿದಂತಿದ್ದರೆ ರೇಡಿಯೇಟರಿನ ನೀರು ಸೇರಿರಬಹುದು. ಈಗಿನ ಹಲವು ಕಾರುಗಳಲ್ಲಿ ಎಣ್ಣೆ ಅಳೆಯುವ ಕಡ್ಡಿಯೇ ಇಲ್ಲ. ಅಲ್ಲಿ ಮೆಕ್ಯಾನಿಕ್ಕನೇ ನೋಡಬೇಕು. ಯಾವ ಎಣ್ಣೆ, ಎಷ್ಟು ಎಂಬುದನ್ನು ಕಾರಿನೊಡನೆ ಬಂದ ಕೈಪಿಡಿಯಂತೆಯೇ ನಡೆಸಬೇಕು. ಬಲ ಕುಂದಿದ ಬ್ಯಾಟರಿಯಾಗಲಿ ತುಕ್ಕು ಹಿಡಿದ ತಂತಿಯ ಜೋಡಣೆಯಾಗಲಿ ಗಣಕವನ್ನು ದಾರಿತಪ್ಪಿಸಬಲ್ಲವೆಂಬುದನ್ನೂ ಮರೆಯಲಾಗದು.

ಇನ್ನು ದೀಪದ ಮಾತು. ಅಮೆರಿಕದಲ್ಲಿ 1996ರ ಸಾಲಿನ ಕಾರುಗಳಿಂದ ಕಡ್ಡಾಯವಾಗಿ, ಮುಂದೆ ನಮ್ಮಲ್ಲಿಗೂ ಬಂದ ಸ್ವಯಂಪರೀಕ್ಷಾ ವ್ಯವಸ್ಥೆಯಲ್ಲಿ ಪ್ರತಿಯೊಂದು ದೋಷಕ್ಕೂ ಒಂದು ಸಂಕೇತವಿದೆ. ಸ್ಟಿಯರಿಂಗಿನ ಕೆಳಭಾಗದಲ್ಲಿರುವ ಹದಿನಾರು ಮೊಳೆಗಳ ಕಿಂಡಿಗೆ ಉಪಕರಣವೊಂದನ್ನು ಜೋಡಿಸಿ ಅದನ್ನು ಓದುತ್ತಾರೆ. ಪಿ 0700 ಎಂದು ಬಂದರೆ, ಗೇರಿನ ಗಣಕದಲ್ಲಿ ಬೇರೊಂದು ದೋಷ ದಾಖಲಾಗಿದೆ, ಅದನ್ನು ಓದಿರಿ ಎಂದಷ್ಟೇ ಅರ್ಥ. ಅದು ಲಕೋಟೆ, ಪತ್ರ ಒಳಗಿದೆ. ಪಿ 0750 ಒಂದು ಸಾಲೆನಾಯ್ಡಿನತ್ತ ಬೆರಳು ತೋರುತ್ತದೆ. ಆಗಲೂ ಕೆಟ್ಟಿರುವುದು ಸಾಲೆನಾಯ್ಡೋ, ಅದರ ತಂತಿಯೋ ಎಂಬುದನ್ನು ಅಳೆದೇ ತಿಳಿಯಬೇಕು. ಸಂಕೇತಗಳನ್ನು ಬರೆದಿಟ್ಟುಕೊಳ್ಳುವ ಮುನ್ನ ಅಳಿಸಿದರೆ ದೀಪ ಆರುತ್ತದೆ, ದೋಷ ಉಳಿಯುತ್ತದೆ, ಸಾಕ್ಷ್ಯ ನಾಶವಾಗುತ್ತದೆ.

ಹಳದಿ ದೀಪ ಒಂದೇ ಸಮನೆ ಉರಿಯುತ್ತಿದ್ದು, ಕಾರು ಹದವಾಗಿ ಓಡುತ್ತಿದ್ದರೆ ಮೆಲ್ಲನೆ ಗ್ಯಾರೇಜಿಗೆ ಒಯ್ಯಬಹುದು. ಕೆಂಪು ದೀಪ ಹೊತ್ತಿದರೆ, ಸುಟ್ಟ ವಾಸನೆ ಬಂದರೆ, ಕಾರು ಮುಂದೆ ಸಾಗದೆ ಜಾರತೊಡಗಿದರೆ, ರಸ್ತೆಯ ಬದಿಗೆ ನಿಲ್ಲಿಸುವುದೇ ಸರಿ. ಅಂಥ ಕಾರನ್ನು ಹಗ್ಗ ಕಟ್ಟಿ ಎಳೆಯಿಸಬಾರದು. ಎಂಜಿನ್ ನಿಂತಾಗ ಗೇರಿನ ಎಣ್ಣೆಯ ಪಂಪು ಸಾಮಾನ್ಯವಾಗಿ ನಡೆಯದು. ಚಕ್ರ ಉರುಳುತ್ತ ಹೋದರೆ ಎಣ್ಣೆ ಕಾಣದ ಭಾಗಗಳು ಸವೆದುಹೋಗುತ್ತವೆ. ಲಾರಿಯ ಮೇಲೇರಿಸಿ ಸಾಗಿಸುವುದು ಕ್ಷೇಮ.

ಗ್ಯಾರೇಜಿಗೆ ಹೋದಾಗ ‘ಗೇರು ಕೆಟ್ಟಿದೆ’ ಎಂದು ತೀರ್ಪು ಕೊಡದೆ ಕಂಡದ್ದನ್ನು ಹೇಳಬೇಕು: ತಣ್ಣಗಿರುವಾಗಲೋ ಬಿಸಿಯಾದ ಮೇಲೋ, ಏರಿನಲ್ಲೋ ಸಮನೆಲದಲ್ಲೋ, ಯಾವ ವೇಗದಲ್ಲಿ, ಎಷ್ಟು ದಿನದಿಂದ. ಪೆಟ್ಟಿಗೆಯನ್ನು ಬಿಚ್ಚಬೇಕೆಂದು ಅವರು ಹೇಳಿದರೆ, ಎಣ್ಣೆಯನ್ನು ನೋಡಿದಿರಾ, ಯಾವ ಸಂಕೇತ ಬಂದಿತು, ತಂತಿಗಳನ್ನು ಪರೀಕ್ಷಿಸಿದಿರಾ ಎಂಬ ಮೂರು ಪ್ರಶ್ನೆಗಳನ್ನು ಸೌಜನ್ಯದಿಂದಲೇ ಕೇಳಬಹುದು. ಬಲ್ಲ ಮೆಕ್ಯಾನಿಕ್ ಅದಕ್ಕೆ ಬೇಸರಪಡುವುದಿಲ್ಲ.