ಬೆಟ್ಟದ ಗಾಳಿಯೂ ಹೊರೆಯ ಲೆಕ್ಕವೂ

ಯಲಹಂಕದ ವಾಯುನೆಲೆಯಿಂದ ಎದ್ದ ಎಮ್‌ಐ-17 ಹೆಲಿಕಾಪ್ಟರೊಂದು ಏಪ್ರಿಲ್ ತಿಂಗಳ ನಡುಹಗಲಲ್ಲಿ ಅಟ್ಟೂರಿನ ಮಹಡಿಗಳ ಮೇಲೆ ಹಾದುಹೋಗುವಾಗ ಕಿಟಕಿಯ ಗಾಜು ಗಡಗಡಿಸುವುದನ್ನೂ, ಹಪ್ಪಳ ಒಣಹಾಕುತ್ತಿದ್ದವರು ಹಣೆಗೆ ಕೈಯಡ್ಡ ಹಿಡಿದು ತಲೆಯೆತ್ತುವುದನ್ನೂ ನಾನು ಎಷ್ಟೋ ಸಲ ಕಂಡಿದ್ದೇನೆ. ಆದರೆ ಅಷ್ಟು ಆರ್ಭಟಿಸುವ ಆ ಯಂತ್ರವು ಜನವರಿಯ ಮುಂಜಾವಿನಲ್ಲಿದ್ದುದಕ್ಕಿಂತ ಆ ಹೊತ್ತಿಗೆ ದುರ್ಬಲವಾಗಿರುತ್ತದೆಂಬ ಸಂಗತಿ ಸದ್ದು ಕೇಳಿದವರಿಗೆ ಸುಲಭವಾಗಿ ಹೊಳೆಯುವಂಥದಲ್ಲ.

ಹೆಲಿಕಾಪ್ಟರು ಆಕಾಶದಲ್ಲಿ ನಿಲ್ಲುವುದು ಗಾಳಿಯನ್ನು ಕೆಳಕ್ಕೆ ನೂಕಿಯೇ ಹೊರತು ಅನ್ಯಥಾ ಅಲ್ಲ. ನೂಕಲು ಸಿಕ್ಕುವ ಗಾಳಿ ತೆಳುವಾದಷ್ಟೂ ಅದರ ಹಿಡಿತ ಸಡಿಲುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಉಷ್ಣತೆಯಲ್ಲಿ, ಒಂದು ಘನಮೀಟರು ಗಾಳಿಯ ತೂಕ 1,225 ಗ್ರಾಮು. ಸುಮಾರು 900 ಮೀಟರು ಎತ್ತರದಲ್ಲಿರುವ ಯಲಹಂಕದಲ್ಲಿ, 30 ಡಿಗ್ರಿಯ ಬಿಸಿಲಿನಲ್ಲಿ, ಅದು 1,045 ಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ಪೈಲಟರು 'ಡೆನ್ಸಿಟಿ ಆಲ್ಟಿಟ್ಯೂಡ್' ಎಂದು ಕರೆಯುವ ಸಾಂದ್ರತೆಯ ಎತ್ತರದ ಲೆಕ್ಕದಲ್ಲಿ ಇದು 1,600 ಮೀಟರಿಗೂ ಮೇಲಾಯಿತು. ನಮ್ಮ ಉತ್ತರಕ್ಕಿರುವ ನಂದಿಬೆಟ್ಟದ ನೆತ್ತಿ 1,478 ಮೀಟರು. ಎಂದರೆ, ಅಟ್ಟೂರಿನ ಸಂಪಿಗೆ ಮರಕ್ಕಿಂತ ತುಸುವೇ ಮೇಲೆ ಹಾರುವಾಗಲೂ ರೋಟರಿನ ಮಟ್ಟಿಗೆ ಆ ಹೆಲಿಕಾಪ್ಟರು ನಂದಿಯನ್ನು ದಾಟಿ ಮೇಲೇರಿದ್ದಾಗಿದೆ!

ಗಾಳಿ ತೆಳುವಾದರೆ ಹೊರೆ ಅಷ್ಟೇ ಪಾಲು ಕಡಿಮೆಯಾಗುವುದೆಂದು ಎಣಿಸುವವರು ಉಂಟು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆ. 1986ರಿಂದ ನಮ್ಮ ವಾಯುಸೇನೆಯಲ್ಲಿದ್ದ ರಷ್ಯದ ಎಮ್‌ಐ-26 ಎಂಬ ದೈತ್ಯವನ್ನು ತೆಗೆದುಕೊಳ್ಳೋಣ. ಮೂವತ್ತೆರಡು ಮೀಟರು ಅಡ್ಡಳತೆಯ ಎಂಟು ಅಲಗಿನ ರೋಟರಿನ ಆ ಯಂತ್ರದ ಗರಿಷ್ಠ ತೂಕ 56 ಟನ್ನು, ಬರಿಯ ಒಡಲಿನ ತೂಕ 28 ಟನ್ನಿಗೆ ತುಸು ಹೆಚ್ಚು, ಹೊರಬಲ್ಲ ಸಾಮಾನು 20 ಟನ್ನು. ಉಳಿದ ಎಂಟು ಟನ್ನಿನಷ್ಟರಲ್ಲಿ ಇಂಧನವೂ ಸಿಬ್ಬಂದಿಯೂ ಅಡಗಬೇಕು. ಯಾವುದೋ ಎತ್ತರದಲ್ಲಿ ಎತ್ತುವ ಬಲ ಐದರಲ್ಲೊಂದು ಪಾಲು ಕುಗ್ಗಿತೆನ್ನಿ: 56 ಟನ್ನು ಸುಮಾರು 45 ಆಯಿತು. ಒಡಲು ಕುಗ್ಗಲಿಲ್ಲ, ಪೈಲಟ್ ಕುಗ್ಗಲಿಲ್ಲ, ಹಿಂದಿರುಗಲು ಬೇಕಾದ ಇಂಧನವೂ ಕುಗ್ಗಲಿಲ್ಲ. ನಷ್ಟವೆಲ್ಲವೂ ಸಾಮಾನಿನ ತಲೆಗೇ ಬಂದು, 20 ಟನ್ನಿನ ಜಾಗದಲ್ಲಿ ಒಂಬತ್ತೇ ಉಳಿಯಿತು. ಸಂಬಳ ಐದರಲ್ಲೊಂದು ಪಾಲು ಕಡಿತವಾದಾಗ ಮನೆಬಾಡಿಗೆ ಕಡಿಮೆಯಾಗದೆ ಮಕ್ಕಳ ಹೊಸಬಟ್ಟೆಯೇ ನಿಂತುಹೋಗುವುದನ್ನು ಬಲ್ಲವರಿಗೆ ಈ ಗಣಿತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರಾಟಗಾರನ ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿರುವ ಟನ್ನುಗಳು ಕಡಲತೀರದ ಟನ್ನುಗಳೆಂಬುದನ್ನು ಮರೆಯಬಾರದು.

ಇದು ಕಾಗದದ ಲೆಕ್ಕ. ನಿಜವಾದ ಯಂತ್ರಗಳಲ್ಲಿ ಇನ್ನೊಂದು ಜಾಣತನವುಂಟು. ನಮ್ಮ ಬೆಂಗಳೂರಿನ ಎಚ್‌ಎಎಲ್ ಸಂಸ್ಥೆ ಫ್ರಾನ್ಸಿನ 'ಲಾಮಾ'ವನ್ನು ಪರವಾನಗಿಯ ಮೇಲೆ 'ಚೀತಾ' ಎಂಬ ಹೆಸರಿನಲ್ಲಿ ತಯಾರಿಸಿತಷ್ಟೆ. ಅದರ ಎಂಜಿನು ಮೂಲತಃ 870 ಅಶ್ವಶಕ್ತಿಯದಾದರೂ ಬಳಕೆಗೆ ಬಿಟ್ಟದ್ದು 550 ಮಾತ್ರ. ಉಳಿದುದು ವ್ಯರ್ಥವಲ್ಲ, ಸೆರಗಿನ ತುದಿಯಲ್ಲಿ ಕಟ್ಟಿಟ್ಟ ಗಂಟು. ಮೇಲಕ್ಕೇರಿದಂತೆ ಗಾಳಿಯಿಲ್ಲದೆ ಎಂಜಿನಿನ ಉಸಿರು ಕುಗ್ಗುತ್ತ ಬಂದರೂ ಆ 550 ಬಹಳ ದೂರದವರೆಗೆ ಸಲ್ಲುತ್ತದೆ. 1972ರ ಜೂನ್ 21ರಂದು ಜಾನ್ ಬುಲೆ ಎಂಬ ಫ್ರೆಂಚ್ ಪೈಲಟ್ ಇಂಥದೇ ಲಾಮಾದಲ್ಲಿ 12,442 ಮೀಟರು ಏರಿದ. ಇಳಿಯುವಾಗ ಎಂಜಿನು ಆರಿಹೋಗಿ, ಗಾಳಿಯಿಂದಲೇ ತಿರುಗುವ ರೋಟರಿನ ಆಸರೆಯಲ್ಲಿ ನೆಲ ಮುಟ್ಟಿದ. ಸಿಯಾಚಿನ್‌ನ ಕಾವಲುನೆಲೆಗಳಿಗೆ ದಶಕಗಳ ಕಾಲ ಸೀಮೆಎಣ್ಣೆ ಹೊತ್ತದ್ದು ಈ ಬಡಕಲು ಚೀತಾವೇ. ಎಮ್‌ಐ-26ರ ಹಾರಾಟದ ಮೇಲ್ಮಿತಿಯಾದರೋ 4,600 ಮೀಟರಿನಷ್ಟು. ಆ ಶಿಖರಗಳಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಹೊರಡುವ ಮುನ್ನ ಪೈಲಟ್ ನೋಡುವುದು ಎತ್ತರ, ಉಷ್ಣತೆ, ತೂಕ ಈ ಮೂರನ್ನು ಹೆಣೆದ ವಕ್ರರೇಖೆಗಳ ಪಟವನ್ನು. ಅಲ್ಲಿಯೂ ಎರಡು ಪಟಗಳುಂಟು: ನೆಲದ ಸಮೀಪದಲ್ಲಿ ತೇಲಿ ನಿಲ್ಲುವುದಕ್ಕೆ ಒಂದು, ನೆಲದಿಂದ ದೂರದಲ್ಲಿ ನಿಲ್ಲುವುದಕ್ಕೆ ಇನ್ನೊಂದು. ರೋಟರು ಕೆಳಗೆ ನೂಕಿದ ಗಾಳಿ ನೆಲಕ್ಕೆ ತಾಗಿ ಮೆತ್ತೆಯಂತೆ ಒದಗುವುದರಿಂದ ಮೊದಲನೆಯದು ಉದಾರಿ, ಎರಡನೆಯದು ಜಿಪುಣ. ಫಿರಂಗಿಯನ್ನೋ ಬುಲ್‌ಡೋಜರನ್ನೋ ಹಗ್ಗಕ್ಕೆ ತೂಗುಹಾಕಿ ಒಯ್ಯಬೇಕಾದಾಗ ಆ ಮೆತ್ತೆ ಸಿಕ್ಕುವುದಿಲ್ಲವಾದ್ದರಿಂದ ಜಿಪುಣನ ಪಟವನ್ನೇ ನಂಬಬೇಕು.

ಇಷ್ಟಾದ ಮೇಲೂ ಕೊನೆಯ ಪರೀಕ್ಷೆ ಬೇರೆಯೇ ಇದೆ. ಚಕ್ರಗಳನ್ನು ನೆಲದಿಂದ ಒಂದೆರಡು ಮೀಟರು ಮಾತ್ರ ಎತ್ತಿ ನಿಲ್ಲಿಸಿ, ಪೈಲಟ್ ರೋಟರನ್ನು ತಿರುಗಿಸಲು ಎಂಜಿನು ಹಾಕುತ್ತಿರುವ ಬಲವನ್ನು ತೋರುವ ಟಾರ್ಕ್ ಮುಳ್ಳನ್ನು ನೋಡುತ್ತಾನೆ. ಅದು ಕೆಂಪುಗೆರೆಯ ಹತ್ತಿರಕ್ಕೆ ಬಂದು ನಿಂತಿದ್ದರೆ, ಬಿಸಿಲು ಇನ್ನೂ ಏರುವುದಿದೆಯೆಂದು ಬಲ್ಲ ಆತ ಮತ್ತೆ ನೆಲಕ್ಕಿಳಿಸಿ ಬೆರಳು ತೋರುತ್ತಾನೆ; ಒಂದು ಮೂಟೆ ಕೆಳಗಿಳಿಯುತ್ತದೆ, ಮರುದಿನದ ಮುಂಜಾವಿನ ಚಳಿಯನ್ನು ಕಾಯುತ್ತ ಹೆಲಿಪ್ಯಾಡಿನ ಅಂಚಿನಲ್ಲಿ ಉಳಿಯುತ್ತದೆ.