ನರ್ಸಿಂಗ್ ಸೀಟು ಕೊಡಸ್ತೀನಿ ಅಂತ ಫೋನ್ ಬಂದ್ರ ಮೊದ್ಲು ಈ ಒಂದು ಪ್ರಶ್ನೆ ಕೇಳ್ರಿ

ಬೇವೂರು (ಯಲಬುರ್ಗಾ ತಾ.): ದ್ವಿತೀಯ ಪಿಯುಸಿ ರಿಸಲ್ಟ್ ಬಂತಂದ್ರೆ ನಮ್ಮ ಕಡೆ ಹಳ್ಳಿ ಮನೆಗಳಿಗೆ ಎರಡು ಥರದ ಫೋನ್ ಬರ್ತವೆ. ಒಂದು ಬೀಗರು ನೆಂಟರದ್ದು, "ಎಷ್ಟು ಪರ್ಸೆಂಟ್ ಆತು?" ಅಂತ. ಇನ್ನೊಂದು ಗುರುತು ಪರಿಚಯ ಇಲ್ಲದವರದ್ದು. "ನಿಮ್ಮ ಮಗಳಿಗೆ ಬೆಂಗಳೂರಾಗ ನರ್ಸಿಂಗ್ ಸೀಟು ಐತ್ರಿ, ಸ್ಕಾಲರ್‌ಶಿಪ್ ನಾವೇ ಮಾಡಿಸಿ ಕೊಡ್ತೀವಿ, ಈ ವಾರ ಅಡ್ವಾನ್ಸ್ ಕಟ್ಟಿಬಿಡ್ರಿ." ನಂಬರ್ ಎಲ್ಲಿ ಸಿಕ್ತು ಅಂತ ಕೇಳಿದ್ರೆ ಉತ್ತರ ಇರಲ್ಲ.

ಈ ಫೋನಿಗೆ ಹೂಂ ಅನ್ನಬೇಕೋ ಬ್ಯಾಡೋ ಅಂತ ತಲೆ ಕೆಡಿಸಿಕೊಂಡಿರುವ ಅಪ್ಪ ಅವ್ವಂದಿರಿಗಾಗಿ, ಮತ್ತೆ ಹೆಲ್ತ್ ಸೈನ್ಸ್ ಅಂದ್ರೆ ಏನು ಅಂತ ಪೂರ್ತಿ ಗೊತ್ತಿಲ್ಲದ ಪಿಯುಸಿ ಹುಡುಗ ಹುಡುಗಿಯರಿಗಾಗಿ ಈ ಬರಹ.

ನಮ್ಮಲ್ಲಿ ಸೈನ್ಸ್ ತಗೊಂಡ ಮಕ್ಕಳ ಮನೆಯಲ್ಲಿ ಲೆಕ್ಕ ಸರಳ. ನೀಟ್ ಪಾಸಾದ್ರೆ ಡಾಕ್ಟರ್, ಇಲ್ಲಂದ್ರೆ ಬಿ.ಎಸ್ಸಿ, ಆಮೇಲೆ ನೋಡೋಣ. ನಡುವೆ ಇರುವ ದಾರಿಗಳು ಯಾರ ಕಣ್ಣಿಗೂ ಬೀಳಲ್ಲ. ಅವನ್ನು ನೋಡೋಕೆ ಬೆಂಗಳೂರಿಗೆ ಹೋಗಬೇಕಿಲ್ಲ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದ್ರೆ ಸಾಕು.

ಬಯಲು ಪ್ರದೇಶದಲ್ಲಿ 30 ಸಾವಿರ ಜನಸಂಖ್ಯೆಗೆ ಒಂದು ಪಿಎಚ್‌ಸಿ, 5 ಸಾವಿರಕ್ಕೆ ಒಂದು ಉಪಕೇಂದ್ರ ಅನ್ನೋದು ಸರ್ಕಾರದ ಅಳತೆ. ಪಿಎಚ್‌ಸಿಯಲ್ಲಿ ಡಾಕ್ಟರ್ ಒಬ್ಬರೋ ಇಬ್ಬರೋ ಇರ್ತಾರೆ. ಉಳಿದವರು ಯಾರು? ಇಂಜೆಕ್ಷನ್ ಕೊಟ್ಟು ಹೆರಿಗೆ ನೋಡಿಕೊಳ್ಳುವವರು ಸ್ಟಾಫ್ ನರ್ಸ್, ಅವರು ಜಿಎನ್‌ಎಂ ಅಥವಾ ಬಿ.ಎಸ್ಸಿ ನರ್ಸಿಂಗ್ ಓದಿದವರು. ರಕ್ತ, ಕಫ ಪರೀಕ್ಷೆ ಮಾಡುವವರು ಲ್ಯಾಬ್ ಟೆಕ್ನಿಷಿಯನ್, ಅವರದು ಡಿಎಂಎಲ್‌ಟಿ ಅಥವಾ ಬಿ.ಎಸ್ಸಿ ಎಂಎಲ್‌ಟಿ. ಗುಳಿಗೆ ಕೊಡುವ ಕಿಟಕಿಯ ಹಿಂದೆ ಇರುವವರು ಡಿ.ಫಾರ್ಮ ಅಥವಾ ಬಿ.ಫಾರ್ಮ ಮಾಡಿದವರು. ಮನೆ ಮನೆಗೆ ಬಂದು ಕೂಸಿಗೆ ಲಸಿಕೆ ಹಾಕುವ ಸಿಸ್ಟರ್ ಎಎನ್‌ಎಂ ಕೋರ್ಸ್ ಮಾಡಿದವರು. ಡೆಂಗಿ ಬಂದಾಗ ಮನೆ ಮುಂದಿನ ನೀರಿನ ತೊಟ್ಟಿ ಇಣುಕಿ ನೋಡುವವರು ಹೆಲ್ತ್ ಇನ್ಸ್‌ಪೆಕ್ಟರ್ ಡಿಪ್ಲೊಮಾದವರು. ಉಪಕೇಂದ್ರದಲ್ಲಿ ಬಿಪಿ, ಶುಗರ್ ನೋಡಿ ಬರೆದುಕೊಳ್ಳುವ ಸಮುದಾಯ ಆರೋಗ್ಯ ಅಧಿಕಾರಿ, ಅಂದ್ರೆ ಸಿಎಚ್‌ಓ. ಇವರನ್ನು ಊರಲ್ಲಿ ಎಲ್ಲರೂ "ಡಾಕ್ಟ್ರವ್ವ" ಅಂತಲೇ ಕರೀತಾರೆ, ಆದ್ರೆ ಅವರು ಓದಿದ್ದು ನರ್ಸಿಂಗ್.

ತಾಲ್ಲೂಕು ಆಸ್ಪತ್ರೆಗೆ ಹೋದ್ರೆ ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್, ಕಣ್ಣಿನ ಪರೀಕ್ಷೆ ಎಲ್ಲದಕ್ಕೂ ಬೇರೆ ಬೇರೆ ಓದು. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 4 ತಾಸು ಬೇಕು. ಅಷ್ಟೂ ಹೊತ್ತು ಮಷೀನ್ ಪಕ್ಕ ಇದ್ದು ನೋಡಿಕೊಳ್ಳುವವನು ಡಾಕ್ಟರ್ ಅಲ್ಲ, ಟೆಕ್ನಿಷಿಯನ್. ನಮ್ಮ ಜಿಲ್ಲೆ ಫ್ಲೋರೈಡ್ ನೀರಿನ ಜಿಲ್ಲೆ. ಮೊಣಕಾಲು, ಸೊಂಟ ಹಿಡಕೊಂಡು ಕಟ್ಟೆ ಮೇಲೆ ಕೂತ ಹಿರಿಯರು ಪ್ರತಿ ಊರಲ್ಲೂ ಸಿಗ್ತಾರೆ. ಅವರಿಗೆ ಬೇಕಾದ ಫಿಸಿಯೋಥೆರಪಿಸ್ಟ್ ಮಾತ್ರ ಹಳ್ಳಿ ಕಡೆ ಸಿಗೋದು ಕಷ್ಟ.

ಕೇಳಬೇಕಾದ ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹೆಲ್ತ್ ಸೈನ್ಸ್ ಅನ್ನೋ ಹೆಸರಿಟ್ಟುಕೊಂಡು ನೂರೆಂಟು ಕೋರ್ಸ್ ನಡೀತಾವೆ. ಕೆಲವು ಆರು ತಿಂಗಳಿನವು, ಕೆಲವು "ಮನೆಯಲ್ಲೇ ಕೂತು ಓದಿ, ಪರೀಕ್ಷೆಗೆ ಮಾತ್ರ ಬನ್ನಿ" ಅನ್ನೋವು. ಸರ್ಟಿಫಿಕೇಟ್ ನೋಡೋಕೆ ಎಲ್ಲವೂ ಚೆಂದ, ಬಂಗಾರದ ಬಣ್ಣದ ಸೀಲು ಬೇರೆ. ಅದಕ್ಕೇ ಏಜೆಂಟ್ ಆಗಲಿ, ಕಾಲೇಜಿನವರಾಗಲಿ, ಯಾರು ಬಂದ್ರೂ ಒಂದೇ ಪ್ರಶ್ನೆ ಕೇಳ್ರಿ: ಈ ಕೋರ್ಸ್ ಮುಗಿಸಿದ ಮೇಲೆ ನನ್ನ ಮಗ ಅಥವಾ ಮಗಳು ಯಾವ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗ್ತಾರೆ?

ವಕೀಲರಿಗೆ ಸನ್ನದು ಇದ್ದ ಹಾಗೆ ಆರೋಗ್ಯದ ಕೆಲಸಕ್ಕೆ ನೋಂದಣಿ. ನರ್ಸಿಂಗ್ ಓದಿದವರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ಫಾರ್ಮಸಿಯವರಿಗೆ ರಾಜ್ಯ ಫಾರ್ಮಸಿ ಕೌನ್ಸಿಲ್ ಇದೆ. ನೋಂದಾಯಿತ ಫಾರ್ಮಸಿಸ್ಟ್ ಅಲ್ಲದವರು ಡಾಕ್ಟರ ಚೀಟಿ ನೋಡಿ ಔಷಧಿ ಕೊಡಬಾರದು ಅಂತ 1948ರ ಫಾರ್ಮಸಿ ಕಾಯ್ದೆಯೇ ಹೇಳ್ತದೆ. (ಸರ್ಟಿಫಿಕೇಟ್ ಒಬ್ಬರದು, ಅಂಗಡಿ ಇನ್ನೊಬ್ಬರದು ಅನ್ನೋ ವ್ಯವಹಾರ ಎಷ್ಟು ನಡೀತದೆ ಅನ್ನೋದು ಓದುಗರಿಗೆ ಗೊತ್ತಿರೋದೇ.) ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೋಥೆರಪಿ ಇಂಥವಕ್ಕೆ ಬಹಳ ವರ್ಷ ದೇಶಕ್ಕೆಲ್ಲ ಒಂದೇ ಕಾನೂನು ಇರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ತಂದಿತು. ಟೆಕ್ನಿಷಿಯನ್ ದರ್ಜೆಯ ಓದಿಗೆ ಕನಿಷ್ಠ 2,000 ತಾಸು, ಫಿಸಿಯೋಥೆರಪಿಯಂಥ ವೃತ್ತಿಯ ಪದವಿಗೆ ಕನಿಷ್ಠ 3,600 ತಾಸು ಕಲಿಕೆ ಇರಬೇಕು ಅಂತ ಅದರಲ್ಲಿದೆ. ಆರು ತಿಂಗಳಲ್ಲಿ 2,000 ತಾಸು ಮುಗಿಸಬೇಕಂದ್ರೆ ಭಾನುವಾರವೂ ಬಿಡದೆ ದಿನಕ್ಕೆ 11 ತಾಸು ಕೂರಬೇಕು. ನೀವೇ ಲೆಕ್ಕ ಹಾಕ್ರಿ.

ಮನೆಯಲ್ಲೇ ಕೂತು ಓದೋ ಕೋರ್ಸುಗಳ ಬಗ್ಗೆ ಇನ್ನೊಂದು ಮಾತು. ಈ ಕಾಯ್ದೆಯಡಿ ಬರುವ ವಿಷಯಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಕಲಿಸಬಾರದು ಅಂತ ಯುಜಿಸಿ 2025ರ ಜುಲೈ-ಆಗಸ್ಟ್ ಪ್ರವೇಶದಿಂದಲೇ ಹೇಳಿಬಿಟ್ಟಿದೆ. ಸೈಕಾಲಜಿ, ಪೌಷ್ಟಿಕ ಆಹಾರ ವಿಷಯಗಳೂ ಇದರಲ್ಲಿ ಸೇರಿವೆ. ಇದಾದ ಮೇಲೂ ಯಾರಾದ್ರೂ ಕರೆಸ್ಪಾಂಡೆನ್ಸ್‌ನಲ್ಲಿ ಲ್ಯಾಬ್ ಡಿಗ್ರಿ ಕೊಡಸ್ತೀನಿ ಅಂದ್ರೆ ಅವರಿಗೆ ಚಹಾ ಕುಡಿಸಿ ಕಳಿಸ್ರಿ, ಅಡ್ವಾನ್ಸ್ ಕೊಡಬ್ಯಾಡ್ರಿ.

ರಾಜ್ಯದಲ್ಲಿ ಈ ಪದವಿಗಳನ್ನು ನಡೆಸುವ ದೊಡ್ಡ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಯಾವ ಕಾಲೇಜಿಗೆ ಸಂಯೋಜನೆ ಇದೆ ಅನ್ನೋ ಪಟ್ಟಿ ಅದರ ವೆಬ್‌ಸೈಟಿನಲ್ಲೇ ಸಿಗ್ತದೆ. ಡಿಪ್ಲೊಮಾ ಕೋರ್ಸುಗಳಿಗೆ ಅರೆವೈದ್ಯಕೀಯ ಮಂಡಳಿ ಬೇರೆ ಇದೆ. ಫೋನ್ ಮಾಡಿದವರು ಕಾಲೇಜಿನ ಪೂರ್ತಿ ಹೆಸರು ಹೇಳೋಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲಿಗೇ ಅರ್ಥ ಮಾಡಿಕೊಳ್ರಿ.

ದಾರಿ ಕವಲೊಡೆಯೋದು ಎಸ್ಸೆಸ್ಸೆಲ್ಸಿ ಆದ ಕೂಡಲೇ

ಬಿ.ಎಸ್ಸಿ ನರ್ಸಿಂಗ್ ಓದಬೇಕಂದ್ರೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಲೇಬೇಕು, ಕನಿಷ್ಠ 45 ಪರ್ಸೆಂಟ್, ಎಸ್ಸಿ-ಎಸ್ಟಿ ವಿದ್ಯಾರ್ಥಿಗಳಿಗೆ 40. ಬಿಪಿಟಿ ಮತ್ತು ಬಿ.ಎಸ್ಸಿ ಅಲೈಡ್ ಹೆಲ್ತ್ ಕೋರ್ಸುಗಳಿಗೂ ಸೈನ್ಸ್ ಬೇಕು. "ಪಿಯು ಕಾಲೇಜು ದೂರ ಆಕ್ಕೈತಿ, ಊರ ಸಮೀಪ ಆರ್ಟ್ಸ್ ಐತಿ, ಅದಕ್ಕೇ ಹಚ್ಚಿಬಿಡೋಣ" ಅಂತ ಹುಡುಗಿಯನ್ನು ಆರ್ಟ್ಸ್‌ಗೆ ಸೇರಿಸಿದ ದಿನವೇ ಈ ಬಾಗಿಲು ಮುಚ್ಚಿರ್ತದೆ. ಎರಡು ವರ್ಷ ಆದ ಮೇಲೆ ಅದು ಗೊತ್ತಾಗೋದು.

ಹಾಗಂತ ಆರ್ಟ್ಸ್‌ನವರಿಗೆ ಏನೂ ಇಲ್ಲ ಅಂತಲ್ಲ. 3 ವರ್ಷದ ಜಿಎನ್‌ಎಂ ಡಿಪ್ಲೊಮಾಕ್ಕೆ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು, ಇಂಗ್ಲಿಷ್ ಪಾಸಾಗಿ 40 ಪರ್ಸೆಂಟ್ ಇರಬೇಕು. ಹುಡುಗರೂ ಓದಬಹುದು. ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಿದ್ರೆ ಡಿಗ್ರಿಯೂ ಕೈಗೆ ಬರ್ತದೆ. 2 ವರ್ಷದ ಎಎನ್‌ಎಂ ಹುಡುಗಿಯರಿಗೆ ಮಾತ್ರ. ಅರೆವೈದ್ಯಕೀಯ ಡಿಪ್ಲೊಮಾಗಳಿಗೆ ಎಸ್ಸೆಸ್ಸೆಲ್ಸಿ ಆದವರೂ ಸೇರಬಹುದು, ಅವರಿಗೆ 3 ವರ್ಷ. ಪಿಯುಸಿ ಸೈನ್ಸ್ ಆದವರಿಗೆ 2 ವರ್ಷ.

ನಮ್ಮ ಮಕ್ಕಳ ಕೈಯಲ್ಲಿರೋ ಮೂರು ಕಾಗದ

ಬಿ.ಎಸ್ಸಿ ನರ್ಸಿಂಗ್ ಸೀಟು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದ್ರೆ ಕೆಇಎಯ ಸಿಇಟಿ ಮೂಲಕ ಸಿಗ್ತದೆ. ಬಿ.ಫಾರ್ಮಕ್ಕೂ ಸಿಇಟಿ ಬೇಕು. ನೀಟ್ ಬರೆಯೋ ಮಕ್ಕಳು "ಸಿಇಟಿ ಎಂಜಿನಿಯರಿಂಗ್‌ನವರಿಗೆ" ಅಂತ ಅರ್ಜಿಯನ್ನೇ ಹಾಕಲ್ಲ. ನೀಟ್‌ನಲ್ಲಿ ಸೀಟು ತಪ್ಪಿದ ಮೇಲೆ ಏಜೆಂಟ್ ಬಿಟ್ರೆ ಬೇರೆ ದಾರಿ ಉಳಿದಿರಲ್ಲ.

ನಮ್ಮ ಹಳ್ಳಿ ಮಕ್ಕಳಿಗೆ ಸಿಇಟಿಯಲ್ಲಿ ಬೆಂಗಳೂರಿನವರಿಗೆ ಇಲ್ಲದ ಅನುಕೂಲ ಇದೆ. ಒಂದನೇ ತರಗತಿಯಿಂದ ಹತ್ತನೇವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು. ಇವೆರಡಕ್ಕೂ ಶಾಲೆಯಿಂದ ವ್ಯಾಸಂಗ ಪ್ರಮಾಣ ಪತ್ರ ತಂದು ಬಿಇಓ ಸಹಿ ಹಾಕಿಸಬೇಕು.

ಮೂರನೆಯದು 371(ಜೆ). 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಈ ಕಲಂ ಪ್ರಕಾರ ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳಲ್ಲಿ ಶೇ 70 ಸೀಟು ಈ ಭಾಗದವರಿಗೇ, ಹೊರಗೆ ಶೇ 8. ಇಲ್ಲಿ ಒಂದು ಸೂಕ್ಷ್ಮ ಐತಿ. ನಮ್ಮವರಿಗೆ ಹುಬ್ಬಳ್ಳಿ, ಗದಗ ಹತ್ತಿರ ಅನಿಸ್ತದೆ, ಬಸ್ಸೂ ಜಾಸ್ತಿ. ಆದ್ರೆ ಅವು ಕಲ್ಯಾಣ ಕರ್ನಾಟಕಕ್ಕೆ ಸೇರಲ್ಲ, ಅಲ್ಲಿ ಶೇ 8ರ ಲೆಕ್ಕ. ಕೊಪ್ಪಳ, ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಹೋದ್ರೆ ಶೇ 70ರ ಲೆಕ್ಕ. ಆಪ್ಷನ್ ಎಂಟ್ರಿ ಮಾಡೋವಾಗ ಕಡಿಮೆ ರ್‍ಯಾಂಕ್ ಇರುವ ಮಕ್ಕಳು ಇದನ್ನು ಮರೀಬಾರದು. ನಮ್ಮ ಜಿಲ್ಲಾ ಕೇಂದ್ರದಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಗಿ ಹತ್ತು ವರ್ಷ ಆಯ್ತು. ಇಂಥ ಸರ್ಕಾರಿ ಸಂಸ್ಥೆಗಳಲ್ಲಿ ಎಂಬಿಬಿಎಸ್ ಬಿಟ್ಟು ಬೇರೆ ಯಾವ ಕೋರ್ಸ್ ಇವೆ ಅಂತ ಒಮ್ಮೆ ಹೋಗಿ ಕೇಳಿ ಬರೋದಕ್ಕೆ ಬಸ್ ಚಾರ್ಜ್ ಅಷ್ಟೇ ಖರ್ಚು.

371(ಜೆ) ಅರ್ಹತಾ ಪತ್ರ ಕೊಡೋದು ಸಹಾಯಕ ಆಯುಕ್ತರ ಕಚೇರಿ. ರಿಸಲ್ಟ್ ಬಂದ ಮೇಲೆ ಓಡಾಡಿದ್ರೆ ಎಲ್ಲರೂ ಅಲ್ಲೇ ಸಾಲಿನಲ್ಲಿ ಇರ್ತಾರೆ. ಸಿಇಟಿ ಅರ್ಜಿ ತುಂಬುವಾಗಲೇ ಈ ಮೂರೂ ಮೀಸಲಾತಿ ಕೇಳಿರಬೇಕು, ಹಾಗಾಗಿ ಎರಡನೇ ಪಿಯುಸಿಯ ದೀಪಾವಳಿ ರಜೆಯಲ್ಲೇ ಕಾಗದ ಮಾಡಿಸಿಟ್ಟುಕೊಂಡ್ರೆ ಒಳ್ಳೇದು.

ದುಡ್ಡು, ಇಂಗ್ಲಿಷ್, ಆಮೇಲೆ ನೌಕರಿ

ಏಜೆಂಟ್ "ಮಾಡಿಸಿಕೊಡ್ತೀನಿ" ಅನ್ನೋ ಸ್ಕಾಲರ್‌ಶಿಪ್ ಅವರ ಮನೆಯಿಂದ ಬರೋದಲ್ಲ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕುವಂಥದ್ದು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ನರ್ಸಿಂಗ್, ಅರೆವೈದ್ಯಕೀಯ, ಬಿ.ಫಾರ್ಮ ಓದುವವರಿಗೆ ವರ್ಷಕ್ಕೆ ಹುಡುಗರಿಗೆ 7,500, ಹುಡುಗಿಯರಿಗೆ 8,000 ರೂಪಾಯಿ ಅಂತ ನಿಗದಿ ಮಾಡಿದ್ರು. ಅದಕ್ಕೆ ಅಪ್ಪನ ಹೊಲದ ಫ್ರೂಟ್ಸ್ ಐಡಿ ಬೇಕು. ನಿಗಮಗಳ ಅರಿವು ಸಾಲ ಇದೆ, ಅದು ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗೆ. ಮ್ಯಾನೇಜ್‌ಮೆಂಟ್ ಸೀಟಿಗೆ ಏಜೆಂಟ್ ಮೂಲಕ ಹೋದ್ರೆ ಇಂಥ ಎಷ್ಟೋ ಸಹಾಯ ಕೈ ಬಿಡ್ತವೆ ಅನ್ನೋದನ್ನ ಫೋನಿನಲ್ಲಿ ಯಾರೂ ಹೇಳಲ್ಲ.

ಸೀಟು ಸಿಕ್ಕ ಮೇಲೆ ನಮ್ಮ ಮಕ್ಕಳಿಗೆ ಎದುರಾಗೋ ದೊಡ್ಡ ಗೋಡೆ ಇಂಗ್ಲಿಷ್. ಬಿ.ಎಸ್ಸಿ ನರ್ಸಿಂಗ್ ಈಗ 8 ಸೆಮಿಸ್ಟರ್. ಮೊದಲನೇ ಸೆಮಿಸ್ಟರ್‌ನಲ್ಲೇ ಅನಾಟಮಿ, ಫಿಸಿಯಾಲಜಿ, ಸೈಕಾಲಜಿ, ಸೋಷಿಯಾಲಜಿ, ನರ್ಸಿಂಗ್ ಫೌಂಡೇಶನ್ ಎಲ್ಲಾ ಇಂಗ್ಲಿಷ್‌ನಲ್ಲಿ. ಜೊತೆಗೆ ಇಂಗ್ಲಿಷ್‌ದೇ ಒಂದು ಪೇಪರ್. ಎಲುಬಿನ ಹೆಸರು, ನರದ ಹೆಸರು ಬಾಯಿಪಾಠ ಆಗಬೇಕು. ಬುದ್ಧಿ ಕಡಿಮೆ ಅಂತಲ್ಲ, ಪುಸ್ತಕ ಓದಿ ಅರ್ಥ ಮಾಡ್ಕೊಳ್ಳೋಕೇ ಅರ್ಧ ದಿನ ಹೋಗ್ತದೆ. ರಿಸಲ್ಟ್‌ನಿಂದ ಕಾಲೇಜು ಶುರುವಾಗೋವರೆಗೆ ಸಿಗೋ ಎರಡು ಮೂರು ತಿಂಗಳಲ್ಲಿ ಬಯಾಲಜಿ ಪುಸ್ತಕದ ಮನುಷ್ಯ ದೇಹದ ಪಾಠಗಳನ್ನ ಇಂಗ್ಲಿಷ್‌ನಲ್ಲಿ ಇನ್ನೊಮ್ಮೆ ಓದಿಕೊಂಡ್ರೆ ಭಾರ ಸ್ವಲ್ಪ ಇಳೀತದೆ.

ಕಾಲೇಜು ನೋಡೋಕೆ ಹೋದಾಗ ಕಟ್ಟಡ, ಗಾಜಿನ ಬಾಗಿಲು ನೋಡಿ ಬರಬ್ಯಾಡ್ರಿ. ಮಕ್ಕಳನ್ನ ಪ್ರಾಕ್ಟಿಕಲ್‌ಗೆ ಯಾವ ಆಸ್ಪತ್ರೆಗೆ ಕಳಿಸ್ತಾರೆ, ಅಲ್ಲಿ ರೋಗಿಗಳು ಎಷ್ಟಿರ್ತಾರೆ ಅಂತ ಕೇಳ್ರಿ. ಸಾಧ್ಯ ಆದ್ರೆ ಆ ಆಸ್ಪತ್ರೆಗೇ ಹೋಗಿ ನೋಡ್ರಿ. ರೋಗಿಯೇ ಇಲ್ಲದ ವಾರ್ಡಿನಲ್ಲಿ ಗೊಂಬೆಗೆ ಸೂಜಿ ಚುಚ್ಚಿ ಕಲಿತವರಿಗೆ ಮುಂದೆ ಕೆಲಸದ ಮೊದಲ ದಿನವೇ ತ್ರಾಸ.

ನೌಕರಿ ಬಗ್ಗೆ ಬರೀ ಬಣ್ಣದ ಮಾತು ಬ್ಯಾಡ. ಆಸ್ಪತ್ರೆ ಕೆಲಸಕ್ಕೆ ಬೇಡಿಕೆ ಇರೋದು ಖರೆ, ನರ್ಸಿಂಗ್ ಓದಿ ಹೊರದೇಶಕ್ಕೆ ಹೋದವರೂ ಇದ್ದಾರೆ. ಆದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಣೋ ಎಷ್ಟೋ ಮಂದಿ ಗುತ್ತಿಗೆ ಮೇಲೆ ದುಡೀತಿದ್ದಾರೆ, ಉಪಕೇಂದ್ರದ ಸಿಎಚ್‌ಓ ಕೂಡ. ಖಾಸಗಿ ಆಸ್ಪತ್ರೆಯಲ್ಲಿ ಶುರುವಿನ ಸಂಬಳ ಕಡಿಮೆ, ರಾತ್ರಿ ಪಾಳಿ ತಪ್ಪಲ್ಲ. "ನಾಲ್ಕು ವರ್ಷ ಆದ ಕೂಡಲೇ ಸರ್ಕಾರಿ ನೌಕರಿ" ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ಅದನ್ನ ಬಾಂಡ್ ಪೇಪರ್ ಮೇಲೆ ಬರೆದು ಕೊಡೋಕೆ ಹೇಳ್ರಿ, ಮತ್ತೆ ಫೋನ್ ಬರಲ್ಲ.

ಕೊನೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ವಿಷಯ. ಡಿಗ್ರಿ ನಡುವೆ ಬಿಟ್ಟವನಾಗಿ ಇದನ್ನು ಹೇಳಬಲ್ಲೆ: ಕಾಲೇಜು ಬಿಡೋಕೆ ಒಂದು ದಿನ ಸಾಕು, ಅಲ್ಲಿ ಕೊಟ್ಟ ಕಾಗದ ವಾಪಸ್ ತರೋಕೆ ತಿಂಗಳು ಬೇಕು. ಸೀಟು ಬ್ಯಾಡ ಅನಿಸಿದ್ರೂ "ಉಳಿದ ವರ್ಷದ ಫೀಸು ಕಟ್ಟಿ ಕಾರ್ಡ್ ಒಯ್ಯಿರಿ" ಅನ್ನೋ ಕಾಲೇಜುಗಳಿವೆ. ಏಜೆಂಟ್ ಕೈಗಂತೂ ಒರಿಜಿನಲ್ ಕೊಡಲೇಬ್ಯಾಡ್ರಿ, ಜೆರಾಕ್ಸ್ ಮೇಲೆ ಸಹಿ ಮಾಡಿ ಕೊಟ್ರೆ ಸಾಕು. ಕಾಲೇಜಿಗೆ ಕೊಡುವಾಗ ಯಾವ ಯಾವ ಕಾಗದ ಕೊಟ್ಟೀವಿ ಅಂತ ಪಟ್ಟಿ ಬರೆದು, ಕಾಲೇಜಿನ ಸೀಲು ಹಾಕಿಸಿದ ಸ್ವೀಕೃತಿ ತಗೊಳ್ರಿ. ಫೀಸು ಕಟ್ಟಿದ ಪ್ರತಿ ರೂಪಾಯಿಗೂ ಕಾಲೇಜಿನ ಹೆಸರಿರುವ ರಸೀದಿ ಇರಲಿ, ಏಜೆಂಟ್ ಫೋನ್ ಪೇ ನಂಬರಿಗೆ ಹಾಕಿದ ದುಡ್ಡಿಗೆ ಕಾಲೇಜು ಜವಾಬ್ದಾರಿ ಹೊರಲ್ಲ.