ಬಿಟ್ಟುಬರುವುದನ್ನು ಕಲಿತ ಕತೆ

ಹೊಸ ಲ್ಯಾಪ್‌ಟಾಪ್ ಕೊಂಡವರು ಮೊದಲು ಮಾಡುವ ಕೆಲಸ, ಹಳೆಯದರಲ್ಲಿ ಇರುವುದನ್ನೆಲ್ಲ ಅದಕ್ಕೆ ತುಂಬಿಸುವುದು. ಫೋಟೊ, ಹಾಡು, ಪತ್ರಗಳು ಪೆನ್‌ಡ್ರೈವ್ ಹತ್ತಿ ಬಂದುಬಿಡುತ್ತವೆ. ತೊಡಕು ಶುರುವಾಗುವುದು ತಂತ್ರಾಂಶಗಳಲ್ಲಿ. ಲೆಕ್ಕಪತ್ರದ ತಂತ್ರಾಂಶ ಇದ್ದ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ ತಂದು ಹೊಸ ಯಂತ್ರದಲ್ಲಿ ತೆರೆಯಲು ಹೋದರೆ, ಯಾವುದೋ ಡಿಎಲ್‌ಎಲ್ ಕಡತ ಸಿಗುತ್ತಿಲ್ಲ ಎಂದು ಅಲ್ಲೇ ನಿಂತುಬಿಡುತ್ತದೆ. ವಿಂಡೋಸಿನಲ್ಲಿ ತಂತ್ರಾಂಶ ಒಂದೇ ಕಡೆ ಕೂತಿರುವುದಿಲ್ಲ. ಅದರ ಮುಖ್ಯ ಭಾಗ ಪ್ರೋಗ್ರಾಂ ಫೈಲ್ಸ್‌ನಲ್ಲಿರುತ್ತದೆ, ಬೇರೆಯವುಗಳ ಜತೆ ಹಂಚಿಕೊಂಡ ಭಾಗಗಳು ಸಿಸ್ಟಂ ಫೋಲ್ಡರಿನಲ್ಲಿರುತ್ತವೆ, ಸೆಟ್ಟಿಂಗ್‌ಗಳು ರಿಜಿಸ್ಟ್ರಿ ಎಂಬ ದೊಡ್ಡ ದಾಖಲೆಯಲ್ಲಿ ಚದುರಿರುತ್ತವೆ. ಇವುಗಳಲ್ಲಿ ಯಾವುದು ಯಾರದು ಎಂದು ಹೊರಗಿನವರು ಬಿಡಿಸುವುದು ಬಹಳ ಕಷ್ಟ.

ಬಿಡಿಸಲಾಗದಿದ್ದರೆ ಎಲ್ಲವನ್ನೂ ಒಟ್ಟಿಗೇ ತಂದರಾಯಿತಲ್ಲ? ಬಹಳ ಜನ ಎಂಜಿನಿಯರುಗಳು ಹೊರಟದ್ದು ಇದೇ ಯೋಚನೆಯಿಂದ. ಆದರೆ ಅವರ ಕೆಲಸವನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಕಾಣುವುದೇ ಬೇರೆ. ಈ ವಿದ್ಯೆ ಮುಂದೆ ಹೋದದ್ದು ಏನನ್ನು ತರಬೇಕು ಎಂಬುದರಿಂದಲ್ಲ. ಪ್ರತಿ ಹೆಜ್ಜೆಯಲ್ಲೂ ಯಾರೋ ಒಬ್ಬರು, ಇಷ್ಟನ್ನು ಬಿಟ್ಟುಬಂದರೂ ನಡೆಯುತ್ತದೆ ಎಂದು ಕಂಡುಕೊಂಡಿದ್ದಾರೆ.

ಮೊದಲ ಸಾಧನ ಏನನ್ನೂ ಬಿಡುತ್ತಿರಲಿಲ್ಲ. ಬೆಲ್ ಲ್ಯಾಬ್ಸ್‌ನ ಯುನಿಕ್ಸಿನಲ್ಲಿ, 1974ರ ಐದನೆಯ ಆವೃತ್ತಿಯ ಹೊತ್ತಿಗೇ ಡಿಡಿ ಎಂಬ ಪುಟ್ಟ ಆದೇಶವಿತ್ತು. ಅದು ಡಿಸ್ಕನ್ನು ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಓದಿ ಇನ್ನೊಂದರ ಮೇಲೆ ಬರೆಯುತ್ತದೆ. ಓದುತ್ತಿರುವುದು ಪತ್ರವೋ ಖಾಲಿ ಜಾಗವೋ ಎಂಬುದು ಅದಕ್ಕೆ ತಿಳಿಯದು. ನಾವು ಅಳಿಸಿಹಾಕಿದ ಕಡತಗಳ ಉಳಿಕೆಯೂ ಜತೆಗೆ ಬರುತ್ತದೆ. ಅಪರಾಧ ತನಿಖೆಯಲ್ಲಿ ಡಿಸ್ಕಿನ ನಕಲು ಬೇಕಾದಾಗ ಈ ಗುಣವೇ ವರ. ಮನೆಯ ಲ್ಯಾಪ್‌ಟಾಪಿಗೆ ಮಾತ್ರ ಹೊರೆ. 500 ಜಿಬಿ ಡಿಸ್ಕಿನಲ್ಲಿ ನಿಮ್ಮದು ಬರೀ 80 ಜಿಬಿ ಇದ್ದರೂ ಪೂರ್ತಿ 500 ಜಿಬಿಯೇ ಸಾಗಬೇಕು. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಅದಕ್ಕೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ, 80 ಜಿಬಿಗಾದರೆ ಕಾಲು ಗಂಟೆಯೂ ಬೇಡ. ಮೇಲಾಗಿ ಹೊಸ ಡಿಸ್ಕು ಕೊಂಚ ಚಿಕ್ಕದಾದರೂ ನಕಲು ಹಿಡಿಸುವುದಿಲ್ಲ. ದೊಡ್ಡದಾದರೆ ಮಿಕ್ಕ ಜಾಗ ಯಾರ ಲೆಕ್ಕಕ್ಕೂ ಸೇರದೆ ಬಿದ್ದಿರುತ್ತದೆ.

ಈ ಹೊರೆ ಇಳಿಸಿದ್ದು ನ್ಯೂಜಿಲೆಂಡಿನ ಆಕ್ಲೆಂಡ್. ಅಲ್ಲಿನ ಬೈನರಿ ರಿಸರ್ಚ್ ಎಂಬ ಕಂಪನಿಗಾಗಿ ಮರ್ರಿ ಹಜಾರ್ಡ್ 1995ರಲ್ಲಿ ಘೋಸ್ಟ್ ಎಂಬ ತಂತ್ರಾಂಶ ಬರೆದರು. ಅದರ ಮರ್ಮ ಇಷ್ಟೇ: ನಕಲು ಮಾಡುವ ಮುನ್ನ ಡಿಸ್ಕನ್ನು ಅರ್ಥಮಾಡಿಕೊಳ್ಳುವುದು. ಆ ಕಾಲದ ಡಾಸ್ ಮತ್ತು ವಿಂಡೋಸ್ ಬಳಸುತ್ತಿದ್ದ ಫ್ಯಾಟ್ ಕಡತ ವ್ಯವಸ್ಥೆಯಲ್ಲಿ ಡಿಸ್ಕಿನ ಆರಂಭದಲ್ಲೇ ಒಂದು ಕೋಷ್ಟಕ ಇರುತ್ತದೆ. ಡಿಸ್ಕಿನ ಪ್ರತಿ ತುಂಡಿಗೂ ಅದರಲ್ಲಿ ಒಂದು ಮನೆ. ಮನೆಯಲ್ಲಿ ಸೊನ್ನೆ ಇದ್ದರೆ ಆ ತುಂಡು ಖಾಲಿ. ಬೇರೆ ಅಂಕಿ ಇದ್ದರೆ ಕಡತದ ಮುಂದಿನ ಭಾಗ ಎಲ್ಲಿದೆ ಎಂಬ ವಿಳಾಸ, ಇಲ್ಲವೇ ಕಡತ ಇಲ್ಲಿಗೆ ಮುಗಿಯಿತು ಎಂಬ ಗುರುತು. ಈ ಕೋಷ್ಟಕ ಓದಿದ ತಂತ್ರಾಂಶಕ್ಕೆ ಖಾಲಿ ತುಂಡುಗಳನ್ನು ದಾಟಿಕೊಂಡು ಹೋಗಲು ಬರುತ್ತದೆ. ಹೊಸ ಡಿಸ್ಕಿನ ಅಳತೆಗೆ ತಕ್ಕಂತೆ ಕೋಷ್ಟಕವನ್ನೇ ಹೊಸದಾಗಿ ಬರೆಯಲೂ ಬರುತ್ತದೆ. ಹಾಗಾಗಿ ದೊಡ್ಡ ಡಿಸ್ಕಿನಿಂದ ಚಿಕ್ಕದಕ್ಕೆ, ಚಿಕ್ಕದರಿಂದ ದೊಡ್ಡದಕ್ಕೆ ಸಿಸ್ಟಂ ಸಾಗಿಸಲು ಸಾಧ್ಯವಾಯಿತು. ಮೊದಲ ಬಾರಿಗೆ ಬಿಟ್ಟುಬಂದದ್ದು ಖಾಲಿ ಜಾಗ.

ಘೋಸ್ಟ್ ಓಡುತ್ತಿದ್ದುದು ಫ್ಲಾಪಿಯಿಂದ, ಡಾಸಿನಲ್ಲಿ. ವಿಂಡೋಸ್ ಎಚ್ಚರವಾಗಿರುವಾಗ ತನ್ನ ರಿಜಿಸ್ಟ್ರಿಯನ್ನೂ ಹಲವು ಕಡತಗಳನ್ನೂ ತೆರೆದು ಹಿಡಿದುಕೊಂಡಿರುತ್ತದೆ, ಕ್ಷಣಕ್ಷಣಕ್ಕೂ ಬದಲಿಸುತ್ತಿರುತ್ತದೆ. ಆಗ ತೆಗೆದ ನಕಲಿನಲ್ಲಿ ಅರ್ಧ ಹಳೆಯ ಸ್ಥಿತಿ, ಅರ್ಧ ಹೊಸ ಸ್ಥಿತಿ ಬೆರೆತುಹೋಗುತ್ತದೆ. ಅದಕ್ಕೇ ಯಂತ್ರವನ್ನು ಹೊರಗಿನಿಂದ ಬೂಟ್ ಮಾಡಿ, ಮೂಲ ಸಿಸ್ಟಂ ಮಲಗಿರುವಾಗ ನಕಲು ತೆಗೆಯುವುದು ರೂಢಿಯಾಯಿತು. ಓಡುತ್ತಿರುವ ವಿಂಡೋಸಿನ ಒಂದು ಕ್ಷಣದ ಸ್ಥಿತಿಯನ್ನು ಸ್ಥಿರವಾಗಿ ಹಿಡಿದು ಕೊಡುವ ಶ್ಯಾಡೋ ಕಾಪಿ ಸೌಲಭ್ಯ ಬಂದದ್ದು ಎಕ್ಸ್‌ಪಿ ಕಾಲಕ್ಕೆ. ಅಷ್ಟರಲ್ಲಿ, 1998ರಲ್ಲಿ, ಘೋಸ್ಟನ್ನು ಸಿಮ್ಯಾಂಟೆಕ್ ಕೊಂಡುಕೊಂಡಿತ್ತು.

ಕಚೇರಿಗಳು ಒಂದು ಯಂತ್ರ ಸಿದ್ಧಪಡಿಸಿ ಅದರ ನಕಲನ್ನು ನೂರಾರು ಯಂತ್ರಗಳಿಗೆ ಇಳಿಸತೊಡಗಿದಾಗ ಹೊಸ ಪ್ರಶ್ನೆ ಎದ್ದಿತು. ವಿಂಡೋಸ್ ಎನ್‌ಟಿ ಇನ್‌ಸ್ಟಾಲ್ ಆಗುವಾಗ ತನಗೊಂದು ಗುರುತಿನ ಸಂಖ್ಯೆ ಹುಟ್ಟಿಸಿಕೊಳ್ಳುತ್ತದೆ. ಅದರ ಹೆಸರು ಎಸ್‌ಐಡಿ. ನಕಲು ಮಾಡಿದರೆ ಅದೂ ನಕಲಾಗಿ, ನೂರು ಯಂತ್ರಗಳಿಗೆ ಒಂದೇ ಗುರುತು. ಗುರುತನ್ನು ಬದಲಿಸಲು ಘೋಸ್ಟ್ ಜತೆಗೆ ಘೋಸ್ಟ್ ವಾಕರ್ ಎಂಬ ಸಾಧನ ಬಂತು. ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅದೇ ಕೆಲಸಕ್ಕೆ ನ್ಯೂಸಿಡ್ ಬರೆದರು. ಮೈಕ್ರೋಸಾಫ್ಟಿನ ಸಿಸ್‌ಪ್ರೆಪ್ ಡಿಸ್ಕಿನ ನಕಲು, ಅಂದರೆ ಇಮೇಜ್, ತೆಗೆಯುವ ಮೊದಲೇ ಗುರುತನ್ನು ಕಳಚಿಡುತ್ತದೆ, ಹೊಸ ಯಂತ್ರ ಮೊದಲ ಸಲ ಎದ್ದಾಗ ತನ್ನದೇ ಗುರುತು ಪಡೆಯುತ್ತದೆ. ಇಲ್ಲಿ ಬಿಟ್ಟುಬಂದದ್ದು ಗುರುತು.

ಈ ಅಧ್ಯಾಯ ಅಲ್ಲಿಗೆ ಮುಗಿಯಲಿಲ್ಲ. 2009ರಲ್ಲಿ ರಸಿನೋವಿಚ್ ಮರಳಿ ಪರಿಶೀಲಿಸಿ, ಎರಡು ಯಂತ್ರಗಳಿಗೆ ಒಂದೇ ಎಸ್‌ಐಡಿ ಇದ್ದರೆ ವ್ಯವಹಾರದಲ್ಲಿ ಕೆಡುಕಾಗುವ ಪ್ರಸಂಗ ತಮಗೆ ಸಿಗಲಿಲ್ಲ ಎಂದು ಬರೆದು ನ್ಯೂಸಿಡ್ ಅನ್ನು ಹಿಂತೆಗೆದುಕೊಂಡರು. ತಾವೇ ಕಟ್ಟಿದ್ದನ್ನು ಹೀಗೆ ಬಹಿರಂಗವಾಗಿ ಕೈಬಿಟ್ಟ ಅವರ ಪ್ರಾಮಾಣಿಕತೆ ದೊಡ್ಡದು. ಆದರೆ 2025ರಲ್ಲಿ ಬಂದ ವಿಂಡೋಸ್ 11ರ ಅಪ್‌ಡೇಟ್‌ಗಳು ಎಸ್‌ಐಡಿಯನ್ನು ಬಿಗಿಯಾಗಿ ತಾಳೆ ನೋಡತೊಡಗಿದವು. ಸಿಸ್‌ಪ್ರೆಪ್ ಇಲ್ಲದೆ ಕ್ಲೋನ್ ಆಗಿದ್ದ ಯಂತ್ರಗಳು ನೆಟ್‌ವರ್ಕಿನಲ್ಲಿ ಪರಸ್ಪರ ಲಾಗಿನ್ ಆಗದೆ ನಿಂತವು.

ಗುರುತಿಗಿಂತ ಗಟ್ಟಿಯಾದ ಗಂಟು ಹಾರ್ಡ್‌ವೇರಿನದು. ವಿಂಡೋಸ್ 2000 ಮತ್ತು ಎಕ್ಸ್‌ಪಿ, ಇನ್‌ಸ್ಟಾಲ್ ಆದ ಯಂತ್ರದ ಮದರ್‌ಬೋರ್ಡ್ ನೋಡಿ ಅದಕ್ಕೆ ಹೊಂದುವ ತಳಪದರವನ್ನು ಆರಿಸಿಕೊಳ್ಳುತ್ತಿದ್ದವು. ಡಿಸ್ಕ್ ಕಂಟ್ರೋಲರಿನ ಡ್ರೈವರ್ ಕೂಡ ಆ ಯಂತ್ರಕ್ಕೆ ಬೇಕಾದದ್ದೇ. ಅದೇ ಸಿಸ್ಟಂ ಹೊಸ ಲ್ಯಾಪ್‌ಟಾಪಿನಲ್ಲಿ ಎದ್ದರೆ ಒಂದು ವಿಚಿತ್ರ ಸಂದಿಗ್ಧ: ಹೊಸ ಡಿಸ್ಕನ್ನು ಓದಲು ಡ್ರೈವರ್ ಬೇಕು, ಆ ಡ್ರೈವರನ್ನು ಡಿಸ್ಕಿನಿಂದಲೇ ಓದಬೇಕು. ಫಲ, ನೀಲಿ ಪರದೆ, ಅದರ ಮೇಲೆ 7ಬಿ ಎಂಬ ಸಂಕೇತ. ಎಕ್ಸ್‌ಪಿ ಕಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿದವರಿಗೆಲ್ಲ ಅದು ಪರಿಚಿತ. ವಿಸ್ಟಾ ಈ ಗಂಟನ್ನು ಸಡಿಲಿಸಿತು. ತಳಪದರದ ಆಯ್ಕೆಯನ್ನು ಅದು ಪ್ರತಿ ಬೂಟಿಗೆ ಮುಂದೂಡಿತು, ಒಂದೇ ಇಮೇಜ್ ಬೇರೆಬೇರೆ ಯಂತ್ರಗಳಿಗೆ ಹೊಂದುವಂತಾಯಿತು. ಲಿನಕ್ಸ್ ಬಹುಪಾಲು ಡ್ರೈವರುಗಳನ್ನು ಕರ್ನಲ್ ಜತೆಗೇ ಒಯ್ಯುವುದರಿಂದ ಅಲ್ಲಿ ಈ ಕಷ್ಟ ಕಡಿಮೆ. ಹೀಗೆ ಹಾರ್ಡ್‌ವೇರಿನ ನಂಟೂ ಹಿಂದೆ ಉಳಿಯಿತು.

ಇಲ್ಲಿಯವರೆಗೆ ಎಲ್ಲರೂ ಸಿಸ್ಟಂ ಎಂಬ ವಸ್ತುವನ್ನು ಹಗುರ ಮಾಡಿ ಹೊರುತ್ತಿದ್ದರು. ವಸ್ತುವನ್ನೇ ಹೊರಬೇಕಾಗಿಲ್ಲ ಎಂಬ ವಿಚಾರ ಬೆಳೆದದ್ದು ನೆದರ್‌ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ. ಎಲ್ಕೊ ಡಾಲ್ಸ್ಟ್ರಾ ಎಂಬ ಸಂಶೋಧಕ 2003ರಲ್ಲಿ ನಿಕ್ಸ್ ಎಂಬ ವ್ಯವಸ್ಥೆ ಕಟ್ಟಲು ತೊಡಗಿ, 2006ರಲ್ಲಿ ಅದರ ಮೇಲೆಯೇ ಪಿಎಚ್‌ಡಿ ಪಡೆದರು. ಅವರ ಪ್ರಶ್ನೆ ನಮ್ಮ ಲೆಕ್ಕಪತ್ರದ ತಂತ್ರಾಂಶ ಎಬ್ಬಿಸಿದ್ದೇ: ಒಂದು ಯಂತ್ರದಲ್ಲಿ ಸರಿಯಾಗಿ ಓಡುವ ತಂತ್ರಾಂಶ ಇನ್ನೊಂದಕ್ಕೆ ಹೋದಾಗ ಏಕೆ ಮುರಿಯುತ್ತದೆ? ಅದು ನೆಚ್ಚಿಕೊಂಡ ಯಾವುದೋ ಭಾಗ ಅಲ್ಲಿ ಇಲ್ಲದಿರುವುದರಿಂದ. ಹಾಗಾದರೆ ಯಾವುದು ಯಾವುದನ್ನು ನೆಚ್ಚಿದೆ ಎಂಬುದನ್ನು ಒಂದನ್ನೂ ಬಿಡದೆ ತಿಳಿಯುವುದು ಹೇಗೆ?

ಡಾಲ್ಸ್ಟ್ರಾ ಕಂಡುಕೊಂಡ ಉಪಾಯವನ್ನು ಹತ್ತಿರದಿಂದ ನೋಡಬೇಕು. ನಿಕ್ಸಿನಲ್ಲಿ ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಫೋಲ್ಡರ್. ಅದರ ಹೆಸರಿನ ಮೊದಲಿಗೆ 32 ಅಕ್ಷರಗಳ ಒಂದು ಸಂಕೇತ. ಮೂಲ ಕೋಡ್, ಕಂಪೈಲರ್, ಆಯ್ಕೆಗಳು, ಹೀಗೆ ಆ ತಂತ್ರಾಂಶ ಕಟ್ಟಲು ಬಳಸಿದ್ದನ್ನೆಲ್ಲ ಗಣಿತದಿಂದ ಅರೆದು ಪಡೆದ ಹ್ಯಾಶ್ ಅದು. ಕಟ್ಟುವ ವಸ್ತುಗಳಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ. ತಂತ್ರಾಂಶ ಕಟ್ಟಿ ಮುಗಿದ ಮೇಲೆ ನಿಕ್ಸ್ ಅದರ ಕಡತಗಳ ಒಳಗೆಲ್ಲ ಹುಡುಕುತ್ತದೆ. ಇನ್ನೊಂದು ಫೋಲ್ಡರಿನ 32 ಅಕ್ಷರಗಳ ಸಂಕೇತ ಎಲ್ಲಾದರೂ ಕಂಡರೆ, ಇದು ಅದನ್ನು ನೆಚ್ಚಿದೆ ಎಂದು ಬರೆದುಕೊಳ್ಳುತ್ತದೆ. ಅಂಥ ಉದ್ದದ ಗೊಂದಲದ ಅಕ್ಷರಸಾಲು ಆಕಸ್ಮಿಕವಾಗಿ ಬಂದುಬಿಡುವ ಸಂಭವ ಇಲ್ಲವೆಂದೇ ಹೇಳಬಹುದು. ಪ್ರೋಗ್ರಾಮರ್ ಮರೆತರೂ ಕಡತ ತಾನು ಏನನ್ನು ನೆಚ್ಚಿದ್ದೇನೆಂದು ಹೇಳಿಬಿಡುತ್ತದೆ.

ಇದೇ ತಳಹದಿಯ ಮೇಲೆ ಇಡೀ ಆಪರೇಟಿಂಗ್ ಸಿಸ್ಟಂ ಎದ್ದಿತು. ಅದು ನಿಕ್ಸ್‌ಓಎಸ್. ಯಾವ ತಂತ್ರಾಂಶಗಳು ಬೇಕು, ಬಳಕೆದಾರರು ಯಾರು, ಕೀಬೋರ್ಡ್ ಯಾವ ಭಾಷೆಗೆ ಎಂಬುದನ್ನೆಲ್ಲ ಅಲ್ಲಿ ಸಾಮಾನಿನ ಚೀಟಿಯ ಹಾಗೆ ಒಂದು ಕಡತದಲ್ಲಿ ಬರೆಯಬಹುದು. ಡಿಸ್ಕು, ಡ್ರೈವರುಗಳ ವಿವರಕ್ಕೆ ಬೇರೆಯೇ ಕಡತ. ಹೊಸ ಲ್ಯಾಪ್‌ಟಾಪ್ ಬಂದಾಗ ಮೊದಲನೆಯದನ್ನು ಹಾಗೇ ತರುವುದು, ಎರಡನೆಯದನ್ನು ಹೊಸ ಯಂತ್ರದಲ್ಲೇ ಒಂದು ಆದೇಶದಿಂದ ಬರೆಸುವುದು. ಆಮೇಲೆ ಸಿಸ್ಟಂ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಕೆಲವು ಕೆಬಿಯ ಬರಹ ಹತ್ತಾರು ಜಿಬಿಯ ಜಾಗದಲ್ಲಿ ನಿಂತಿತು. ಹಿಂದೆ ಉಳಿದದ್ದು ಈ ಸಲ ತಂತ್ರಾಂಶವೇ.

ನಮ್ಮಲ್ಲಿ ಹೆಚ್ಚಿನವರು ಈಗಲೂ ವಿಂಡೋಸಿನವರೇ. ನಮಗೆ ಈ ಕತೆಯಿಂದ ಸಿಗುವ ವಿವೇಕ ಸರಳ. ಹಳೆಯ ಡಿಸ್ಕು ಸಾಯುವ ಮೊದಲು ಅದರ ಇಮೇಜ್ ತೆಗೆದಿಡಿ. ತೈವಾನಿನಲ್ಲಿ ರೂಪುಗೊಂಡ ಉಚಿತ ಕ್ಲೋನ್‌ಝಿಲಾ ಸಾಕು. ಆದರೆ ಬೇರೆ ಮಾದರಿಯ ಹೊಸ ಲ್ಯಾಪ್‌ಟಾಪಿಗೆ ಆ ಇಮೇಜ್ ಇಳಿಸುವ ಬದಲು ತಂತ್ರಾಂಶಗಳನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿ, ನಿಮ್ಮ ಕಡತಗಳನ್ನಷ್ಟೇ ತನ್ನಿ. ಹಳೆಯದರಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಆ ಬೀಗ ಹಳೆಯ ಮದರ್‌ಬೋರ್ಡಿನ ಟಿಪಿಎಂ ಚಿಪ್ಪಿಗೆ ಕಟ್ಟಿಕೊಂಡಿರುತ್ತದೆ. ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗ ಆ ಕೀ ಇಲ್ಲದೆ ತೆರೆಯುವುದಿಲ್ಲ.

ಕನ್ನಡಿಗರಿಗೆ ಇನ್ನೊಂದು ಮಾತು ಸೇರಿಸಲೇಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಪೂರ್ತಿಯಾಗಿ, ಒಂದು ಬೈಟೂ ಕಳೆಯದೆ ಹೊಸ ಲ್ಯಾಪ್‌ಟಾಪಿಗೆ ಬಂದರೂ ಓದಲು ಬಾರದೆ ಹೋಗಬಹುದು. ನುಡಿಯಲ್ಲಿ ಬರೆದ ಕನ್ನಡ ಎಂಬ ಪದವೇ ಫಾಂಟ್ ಇಲ್ಲದ ಯಂತ್ರದಲ್ಲಿ ಹೇಗೆ ಕಾಣುತ್ತದೆ ನೋಡಿ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಅದರ ಪಕ್ಕ ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಮುಂದುವರಿಯುತ್ತದೆ. ಆ ಕಡತದಲ್ಲಿರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಲಿಪಿಯ ಸ್ಥಾನಗಳಲ್ಲಿ ಕೂರಿಸಿದ ಕನ್ನಡದ ತುಣುಕುಗಳು. ಓದಲು ಅದು ಪೂರ್ತಿ ಫಾಂಟನ್ನು ನೆಚ್ಚಿದೆ, ಆದರೆ ಆ ಫಾಂಟನ್ನು ಕಡತ ಸಾಮಾನ್ಯವಾಗಿ ತನ್ನ ಜತೆ ಒಯ್ಯುವುದಿಲ್ಲ. ಡಾಲ್ಸ್ಟ್ರಾ ಹುಡುಕಿದ ನೆಚ್ಚಿಕೆ ಇದೇ ಬಗೆಯದು.

ನಮ್ಮ ಡಿಟಿಪಿ ಕೇಂದ್ರಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ, ಲೇಖಕರ ಮನೆಗಳಲ್ಲಿ ಹೀಗೆ ಬರೆದ ಕತೆ, ಸಂಶೋಧನೆ, ವರದಿಗಳು ಈಗಲೂ ಇವೆ. ಅವುಗಳನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆ ಕೆಲಸ ಹಳೆಯ ಲ್ಯಾಪ್‌ಟಾಪಿನಲ್ಲೇ, ಸರಿಯಾದ ಫಾಂಟ್ ಇನ್ನೂ ಅಲ್ಲಿರುವಾಗಲೇ ಆಗಬೇಕು. ಆಗ ಮೂಲವನ್ನು ಪಕ್ಕದಲ್ಲಿಟ್ಟು, ಒತ್ತಕ್ಷರ ಜಾರಿದೆಯೇ, ಅರ್ಕಾವೊತ್ತು ಸ್ಥಳ ತಪ್ಪಿದೆಯೇ ಎಂದು ಸಾಲುಸಾಲಾಗಿ ಹೋಲಿಸಿ ತಿದ್ದಬಹುದು. ಸಿಸ್ಟಂ, ತಂತ್ರಾಂಶ, ಡ್ರೈವರ್ ಎಲ್ಲವೂ ಮತ್ತೆ ಸಿಗುತ್ತವೆ, ಅವನ್ನು ನಿಶ್ಚಿಂತೆಯಿಂದ ಬಿಟ್ಟುಬರಬಹುದು. ಬೇರೆಲ್ಲೂ ಸಿಗದ್ದು ನಾವು ಬರೆದದ್ದು ಮಾತ್ರ. ಹೊಸ ಯಂತ್ರಕ್ಕೆ ಮೊದಲು ಸೇರಬೇಕಾದದ್ದು ಅದೇ, ಯಾವ ಯಂತ್ರದಲ್ಲಾದರೂ ಓದಲು ಬರುವ ರೂಪದಲ್ಲಿ.